ಸುರಪುರದ ಮೊಮ್ಮಗಳು, ಯಾದಗಿರಿಯ ತಾರು

ಯಾದಗಿರಿ, ರೈಲು ಇಳಿದಾಗ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಒಂದು ಸಾಲನ್ನೂ ನೆಟ್ಟಗೆ ಬರೆಯಲು ನನ್ನಿಂದ ಆಗುವುದಿಲ್ಲ. ತಲೆತುಂಬ ಕೂದಲು. ಕಿವಿಯೋ, ತೀರಿಹೋದ ನನ್ನ ಮನೆಯಾಕೆಯದೇ, ಅಚ್ಚು ಹೊಯ್ದ ಹಾಗೆ. ಕೈಬೆರಳು ಹಿಡಿದರೆ ಬಿಡುವುದಿಲ್ಲ.

ನಾನು ಓದಿದ್ದು ಎರಡನೇ ಕ್ಲಾಸು, ಅದೂ ಸುಗ್ಗಿಯವರೆಗೆ. ಶ್ರೀರಂಗಪಟ್ಟಣದ ಸ್ಟೇಷನ್ನಿನಿಂದ ದೇವಸ್ಥಾನಕ್ಕೆ, ದೇವಸ್ಥಾನದಿಂದ ಸಂಗಮಕ್ಕೆ ಮೂವತ್ತು ವರ್ಷ ಜಟಕಾ ಹೊಡೆದೆ. ಪ್ರವಾಸ ಬಂದವರನ್ನು ಹೊತ್ತು ತಿರುಗಿದವನೇ ಹೊರತು ನಾನಾಗಿ ಪ್ರವಾಸ ಹೋದವನಲ್ಲ. ಹೋಗಿದ್ದು ಇದೊಂದೇ ಸಲ, ಹೈದರಾಬಾದಿನ ನಿಜಾಮರ ಸೀಮೆಗೆ. ಅವರ ಸೀಮೆಯನ್ನೂ ನಮ್ಮ ಸೀಮೆಯನ್ನೂ ಒಂದೇ ರಾಜ್ಯ ಮಾಡಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಪೇಪರಿನವರು ಒಂದೇ ಮನೆ ಎಂದು ಬರೆದರು. ನಮ್ಮ ಜಟಕಾ ಸ್ಟ್ಯಾಂಡಿನವರು ಮಾತ್ರ ಪರದೇಶಕ್ಕೆ ಹೊರಟವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ಅಲ್ಲಿ ಅನ್ನ ಸಿಕ್ತದಾ ನಂಜಪ್ಪ, ಇಲ್ಲಿಂದಲೇ ಹಿಟ್ಟು ಕಟ್ಟಿಕೊಂಡು ಹೋಗು" ಎಂದರು. ಕಟ್ಟಿಕೊಂಡು ಹೋದೆ. ಐದು ಸೇರು ರಾಗಿ ಹಿಟ್ಟು.

ಮಗಳು ಸರೋಜ ನರ್ಸು. ಎರಡು ಸೀಮೆ ಒಂದಾದ ಕೂಡಲೇ ಅವಳನ್ನು ಸುರಪುರದ ಆಸ್ಪತ್ರೆಗೆ ವರ್ಗ ಮಾಡಿದ್ದರು. ಚೊಚ್ಚಲ ಹೆರಿಗೆಗೆ ತೌರಿಗೆ ಬರಬೇಕಿತ್ತು. ತೌರಿನಲ್ಲಿ ತಾಯಿ ಇಲ್ಲ, ನಾನೊಬ್ಬ, ನನ್ನ ಕುದುರೆಯೊಂದು. ಅದಕ್ಕೇ ಅಲ್ಲೇ ಹೆತ್ತಳು. ಕಾಗದ ಬಂದ ದಿನವೇ ನಾನು ಹೊರಟೆ.

ಗುಂತಕಲ್ಲಿನಲ್ಲಿ ಗಾಡಿ ಬದಲಾಯಿಸಿ ಯಾದಗಿರಿಯಲ್ಲಿ ಇಳಿದಾಗ ನನ್ನ ಖುಷಿ ಗಂಟಲಿನವರೆಗೆ ತುಂಬಿತ್ತು. ಎರಡು ದಿನದಿಂದ ಯಾರಿಗೂ ಹೇಳಿರಲಿಲ್ಲ. ಎದುರಿಗೆ ಸಿಕ್ಕ ಮೊದಲ ಮನುಷ್ಯ ಕೂಲಿಯವನು. "ಸ್ವಾಮಿ, ಸುರಪುರದ ಬಸ್ಸು ಎಲ್ಲಿ ಸಿಕ್ಕುತ್ತೆ? ನನ್ನ ಮಗಳಿಗೆ ಹೆಣ್ಣು ಮಗು ಆಗಿದೆ" ಎಂದೆ.

"ಏನಂತೀರಿ? ಸಾವಕಾಶ ಹೇಳ್ರಿ, ಹಾಡ ಹಾಡಿದಂಗ ಮಾಡ್ತೀರಿ."

ಇನ್ನೊಂದು ಸಲ ಹೇಳಿದೆ. ಅವನು ತಲೆ ಕೊಡವಿದ. ನಾನಾಡಿದ್ದೂ ಕನ್ನಡ, ಅವನಾಡಿದ್ದೂ ಕನ್ನಡ. ಕೊನೆಗೆ ಜಟಕಾ ಸ್ಟ್ಯಾಂಡಿನಲ್ಲಿ ಕಲಿತ ಉರ್ದುವಿನಲ್ಲಿ "ಬಸ್ ಕಿಧರ್ ಹೈ ಭಾಯಿ" ಎಂದೆ. ತಕ್ಷಣ ನನ್ನ ಗಂಟು ಎತ್ತಿಕೊಂಡು ನಡೆದ. ಬಸ್ಸು ತೋರಿಸಿದ. ಮೊಮ್ಮಗಳ ಸುದ್ದಿ ಹೇಳುವಷ್ಟು ಉರ್ದು ನನಗೆ ಬರುತ್ತಿರಲಿಲ್ಲ.

ಶಹಾಪುರದ ಬಸ್ಸು

ಭೀಮಾ ನದಿ ದಾಟಿದ ಮೇಲೆ ಕಪ್ಪು ನೆಲ. ನಮ್ಮ ಕಡೆ ಕಣ್ಣು ಹಾಯಿಸಿದರೆ ಒಂದು ಮರವಾದರೂ ಅಡ್ಡ ಬರುತ್ತದೆ, ಒಂದು ಕಾಲುವೆಯಾದರೂ ಸಿಗುತ್ತದೆ. ಇಲ್ಲಿ ನೋಟ ಹೋಗುತ್ತಲೇ ಇರುತ್ತದೆ, ಕೂರಲು ಜಾಗವೇ ಇಲ್ಲ. ಹೊಲದ ನಡುವೆ ಒಬ್ಬ ಮನುಷ್ಯ ನಿಂತಿದ್ದರೆ ಅವನು ಎಷ್ಟು ಒಬ್ಬನೇ ಎಂಬುದು ಎರಡು ಮೈಲಿಯಿಂದ ಕಾಣುತ್ತದೆ.

ದೋರನಹಳ್ಳಿ ಹತ್ತಿರ ಬಸ್ಸಿನ ಮುಂದೆ ರಸ್ತೆಗೆ ಅಡ್ಡವಾಗಿ ಏನೋ ಹರಿಯಿತು. ನಾನು ಕಿಟಕಿಯಿಂದ ಬಗ್ಗಿ "ಹಾವು, ಹಾವು" ಎಂದೆ, ಮಗುವಿಗೆ ತೋರಿಸುವ ಹಾಗೆ. ಬಸ್ಸಿನೊಳಗೆ ಮಾತು ಫಕ್ಕನೆ ನಿಂತಿತು. ಹಿಂದಿನ ಸೀಟಿನ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹೆಸರ ಹಿಡೀಬ್ಯಾಡ್ರಿ ಮುತ್ಯಾ" ಎಂದಳು. "ಹೆಸರ ಹಿಡದ್ರ ಮನೀ ಮಟ ಬರತೈತಿ. ಹುಳ ಅನ್ರಿ."

"ಹುಳ ಅಂದರೆ ಅಕ್ಕಿಯಲ್ಲಿ ಬೀಳುವುದಲ್ಲವೇನಮ್ಮ?"

"ನಿಮ್ಮ ಅಕ್ಯಾಗ ಬೀಳೂದೂ ಹುಳನ, ನಮ್ಮ ಹೊಲದಾಗ ಹರಿಯೂದೂ ಹುಳನ. ಯಾ ಹುಳ ಅಂಬೂದು ಕೇಳಾವ್ರಿಗಿ ತಿಳೀತೈತಿ."

ಕಡಿಯಿತು ಎಂದೂ ಅನ್ನಬಾರದಂತೆ. ಮುಟ್ಟಿತು ಎನ್ನಬೇಕಂತೆ. ಪರಸ್ಥಳಕ್ಕೆ ಬಂದವನು ಅವರ ಮರ್ಯಾದೆಯಂತೆ ನಡೆಯಬೇಕು ಎಂದು ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ. ಹುಳ, ಮುಟ್ಟಿತು. ಮುತ್ಯಾ ಎಂದರೆ ತಾತ ಎಂಬುದು ಕೂಡ ಆ ಬಸ್ಸಿನಲ್ಲೇ ತಿಳಿಯಿತು. ತಿಳಿದ ಕೂಡಲೇ ತಿರುಗಿ, "ಹೌದಮ್ಮ, ಮುತ್ಯಾನೇ, ಮೊನ್ನೆ ಆದೆ" ಎಂದೆ. ಅವಳು ಅಷ್ಟರಲ್ಲಿ ಶಹಾಪುರ ಬಂತೆಂದು ಬುಟ್ಟಿ ಎತ್ತಿಕೊಂಡು ಇಳಿಯುತ್ತಿದ್ದಳು.

ಸುರಪುರ

ಮಗಳ ಮನೆ ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆಯಲ್ಲಿ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಅಳಿಯ ಮೇಷ್ಟ್ರು, ತರಬೇತಿಗೆಂದು ಗುಲಬರ್ಗಾಕ್ಕೆ ಹೋಗಿದ್ದ. ಮನೆಯಲ್ಲಿ ಸರೋಜ, ಮಗು, ಮತ್ತು ಬೆಳಿಗ್ಗೆ ಬಂದು ತಾಯಿಗೂ ಮಗುವಿಗೂ ನೀರು ಹಾಕುವ ಸಿದ್ದಮ್ಮ.

ಸಿದ್ದಮ್ಮನಿಗೆ ನನಗಿಂತ ನಾಲ್ಕೈದು ವರ್ಷ ಕಡಿಮೆ ಇರಬಹುದು. ಗಂಡ ಸತ್ತು ಇಪ್ಪತ್ತು ವರ್ಷ. ಮಕ್ಕಳಿಲ್ಲ, ಅಣ್ಣ ತಮ್ಮ ಇಲ್ಲ. ಆ ಓಣಿಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಎರೆದವಳು ಅವಳೇ. ಕಾಲು ನೀಡಿ ಕುಳಿತು ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಮೂಗು ತೀಡಿ, ಹಣೆ ತೀಡಿ, ಬೈಯುತ್ತಾ ಬೈಯುತ್ತಾ ಎರೆಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದರೆ ನನಗೂ ಒಂದು ಪಾಲು ಬರುತ್ತಿತ್ತು.

"ಏನ್ ಮೈಸೂರಣ್ಣ, ಮುದ್ದಿ ನುಂಗತೀರಂತ. ಅಗಿಯಾಕ ಹಲ್ಲಿಲ್ಲೇನು ನಿಮ್ಮ ಊರಾಗ?"

"ಹಲ್ಲು ಇದೆ ಸಿದ್ದಮ್ಮ. ನಿಮ್ಮ ರೊಟ್ಟಿ ತಿಂದ ಮೇಲೆ ಇರುತ್ತದೋ ಇಲ್ಲವೋ ಗೊತ್ತಿಲ್ಲ."

"ಹೆಣ್ಣ ಹುಟ್ಟೇದಂತ ಇಷ್ಟ ಹಿಗ್ಗಾಂವನ್ನ ನಾ ಇಲ್ಲೀತನ ನೋಡಿಲ್ಲ. ಹುಚ್ಚಗಿಚ್ಚ ಹಿಡದೈತೇನು?"

ಹಿಡಿದಿತ್ತು. ಆದರೆ ಆ ಹುಚ್ಚನ್ನು ಇಡಲು ಜಾಗವಿರಲಿಲ್ಲ. ಸರೋಜ ಬಾಣಂತಿ, ಹೆಚ್ಚು ಹೊತ್ತು ಮಲಗಿರುತ್ತಿದ್ದಳು. ನಾನು ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದೆ. ಹೋಗುವವರು ಬರುವವರು "ಊಟಾತ್ರೀ" ಎಂದು ಕೇಳಿ, ಉತ್ತರ ಮುಗಿಯುವ ಮೊದಲೇ ಮುಂದೆ ಹೋಗಿರುತ್ತಿದ್ದರು. ಹನ್ನೊಂದು ದಿನದಲ್ಲಿ ನನ್ನ ಹೆಸರು ಯಾರೂ ಕೇಳಲಿಲ್ಲ. ಅವರು ಒರಟರಲ್ಲ, ಅವರಿಗೆ ನಾನು ಸಿಸ್ಟರ್ ಬಾಯಿಯ ಅಪ್ಪ, ಅಷ್ಟು ಸಾಕಾಗಿತ್ತು. ಮಗು ಆಕಳಿಸಿದರೆ, ಸೀನಿದರೆ, ನನ್ನ ತಲೆ ಎಡಕ್ಕೆ ತಿರುಗುತ್ತಿತ್ತು. ನಾಲ್ಕು ವರ್ಷದ ಹಿಂದಿನವರೆಗೂ ಆ ಪಕ್ಕದಲ್ಲಿ ನನ್ನ ಮನೆಯಾಕೆ ಇರುತ್ತಿದ್ದಳು. ಸಂತೋಷವಾದಾಗ ಯಾವ ಕಡೆ ತಿರುಗಬೇಕು ಎಂಬುದು ಕುತ್ತಿಗೆಗೆ ರೂಢಿಯಾಗಿಬಿಟ್ಟಿರುತ್ತದೆ, ಅದಕ್ಕೆ ಬುದ್ಧಿ ಹೇಳಲು ಆಗುವುದಿಲ್ಲ.

ತೊಗರಿ ಕಟ್ಟಿಗೆ

ಅಲ್ಲಿ ಸ್ನಾನದ ಒಲೆಗೆ ತೊಗರಿ ಗಿಡದ ಒಣಗಿದ ಕಡ್ಡಿ. ಹಿತ್ತಲ ಮಾಡಿನ ಕೆಳಗೆ ಆಳೆತ್ತರ ಒಟ್ಟಿದ್ದರು. ಹನ್ನೆರಡನೇ ದಿನ ಬೆಳಿಗ್ಗೆ ನಾನು ಕಟ್ಟಿಗೆ ತರಲು ಎದ್ದೆ.

"ನೀ ಕೂಡು" ಎಂದಳು ಸಿದ್ದಮ್ಮ. "ಜಟಕಾ ಹೊಡದಂಗಲ್ಲಿದು. ಕೈಯಾಗೆಲ್ಲಾ ಸಿಬರ ಹೊಕ್ಕಾವು."

ನಾನು ಕೂತೆ. ಈಗಲೂ ಅದು ನನ್ನ ಎದೆಯಲ್ಲಿ ಕೂತಿದೆ.

ಗರಗಸದಿಂದ ಹಲಗೆ ಕೊಯ್ಯುವ ಹಾಗೆ ಒಂದು ಸದ್ದು ಬಂತು, ಸಣ್ಣಗೆ, ಬಿಟ್ಟುಬಿಟ್ಟು. ಸಿದ್ದಮ್ಮ ಕೂಗಲಿಲ್ಲ. ಒಂದು ತೋಳಿನಲ್ಲಿ ಕಡ್ಡಿಯ ಹೊರೆ ಹಿಡಿದು ಬಂದಳು, ಒಲೆಯ ಮುಂದೆ ಇಟ್ಟಳು, ಇನ್ನೊಂದು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಸರೋಜವ್ವಾ" ಎಂದಳು, "ಹುಳ ಮುಟ್ಟೈತಿ. ನೀರು ಅರ್ಧ ಕಾದಾವ. ಕೂಸಿಗಿ ಯಾರರ ಎರೀರಿ."

ಸರೋಜ ಎದ್ದು ಬಂದಳು. ಬಲಗೈ ಹೆಬ್ಬೆರಳಿನ ಬುಡದಲ್ಲಿ ಎರಡು ಚುಕ್ಕಿ. ಹಿತ್ತಲ ಒಟ್ಟಿಲಿನ ಕಡ್ಡಿಯ ಸಂದಿಯಲ್ಲಿ ಗೇಣಿಗಿಂತ ಸ್ವಲ್ಪ ಉದ್ದದ ಕಂದು ಬಣ್ಣದ್ದು ಇನ್ನೂ ಮೈ ಉಜ್ಜಿಕೊಳ್ಳುತ್ತಾ ಸುತ್ತಿಕೊಂಡಿತ್ತು. ಸರೋಜ ದೂರದಿಂದಲೇ ನೋಡಿ, "ಮಂಡಲದ ಜಾತಿ. ಯಾರೂ ಹತ್ತಿರ ಹೋಗಬೇಡಿ" ಎಂದಳು. ಆಮೇಲೆ ಸಿದ್ದಮ್ಮನ ಬೆರಳಿನ ತಾಮ್ರದ ಉಂಗುರ ಬಿಚ್ಚಿದಳು. ಕೈಯನ್ನು ಒಂದು ಹಲಗೆಯ ಮೇಲಿಟ್ಟು ಅಲುಗದಂತೆ ಸಡಿಲಾಗಿ ಬಟ್ಟೆ ಸುತ್ತಿದಳು. ಓಣಿಯವರು ಸೇರಿದರು. ಒಬ್ಬ ಬ್ಲೇಡು ತಂದ. ಸರೋಜ ಅದನ್ನು ಕಸಿದು ಸೂರಿಗೆ ಸಿಕ್ಕಿಸಿದಳು. ಇನ್ನೊಬ್ಬಳು ಬೇವಿನ ಎಲೆ ತಂದು ಸಿದ್ದಮ್ಮನ ಬಾಯಿಗೆ ತುರುಕಿದಳು, ಕಹಿ ಹತ್ತದಿದ್ದರೆ ವಿಷ ಏರಿದೆ ಎಂದು ಅರ್ಥವಂತೆ.

"ಕಹಿ ಐತೇನು?"

"ಬೇವು ಕಹಿ ಇರ್ಲಾರ್ದ ಬೆಲ್ಲಿರತೈತೇನು" ಎಂದು ಸಿದ್ದಮ್ಮ ಉಗಿದಳು.

ಸರೋಜ ನನ್ನ ಕಡೆ ತಿರುಗಿದಳು. "ಅಪ್ಪ, ಇದಕ್ಕೆ ಸೂಜಿ ಮದ್ದಿದೆ, ನಮ್ಮ ಆಸ್ಪತ್ರೇಲಿ ಇಟ್ಟಿಲ್ಲ. ಯಾದಗಿರಿಗೆ ಕರ್ಕೊಂಡು ಹೋಗು. ನಡೆಸಬೇಡ. ಕೈ ಅಲ್ಲಾಡಬಾರದು. ಒಸಡಲ್ಲಿ ರಕ್ತ ಬಂದರೆ ಡಾಕ್ಟರಿಗೆ ಮೊದಲು ಅದನ್ನ ಹೇಳು. ಆ ಮದ್ದು ಬಿದ್ದರೆ ಉಳೀತಾಳೆ, ಬೀಳದಿದ್ದರೆ ಇಲ್ಲ. ನಾನು ಬರೋ ಹಾಗಿಲ್ಲ, ನೀನೇ ಹೋಗಬೇಕು."

ಆ ಊರಿನ ರಸ್ತೆ ಗೊತ್ತಿಲ್ಲದ, ಮಾತು ಅರ್ಧ ಗೊತ್ತಿದ್ದ ನಾನು.

ಮತ್ತೆ ಶಹಾಪುರ, ನಿಲ್ಲದೆ

ಹೊರಸಿನ ಮೇಲೆ ಮಲಗಿಸಿ ನಾಲ್ವರು ಹೊತ್ತು ಬಸ್ಸಿಗೆ ಹತ್ತಿಸಿದರು. ಡ್ರೈವರು ಒಮ್ಮೆ ಹಿಂದಕ್ಕೆ ನೋಡಿ, "ಹುಳಾ?" ಎಂದು ಕೇಳಿದ. ಹೌದು ಎಂದರು. "ಎಲ್ಲೂ ನಿಲ್ಸಾಂಗಿಲ್ಲ ನೋಡ್ರಿ" ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿದ.

ನಮ್ಮ ಕಡೆ ಹೀಗೆ ಅಂದಿದ್ದರೆ ಜಗಳವಾಗುತ್ತಿತ್ತು. ಇಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಶಹಾಪುರಕ್ಕೆ ಇಳಿಯಬೇಕಾದವರು ಒಂಬತ್ತು ಜನ ಇದ್ದರು. ಒಬ್ಬ ಮುದುಕ ತನ್ನ ರುಮಾಲು ಬಿಚ್ಚಿ ಮಡಿಸಿ ಸಿದ್ದಮ್ಮನ ತಲೆಯ ಕೆಳಗಿಟ್ಟ. ನಾನು ಅವನನ್ನು ಕೇಳಿದೆ, ನಿಮ್ಮ ಊರು ಹಿಂದೆ ಹೋಗುತ್ತದಲ್ಲ ಎಂದು.

"ಊರೇನು ಓಡಿ ಹೋಗತೈತೇನ್ರಿ? ಬರೂ ಬಸ್ಸಿಗಿ ಹೊಳ್ಳಿ ಬರ್ತೀವಿ."

ಶಹಾಪುರದ ಸ್ಟ್ಯಾಂಡಿನಲ್ಲಿ ಜನ ಕೈ ಎತ್ತಿ ನಿಂತಿದ್ದರು. ಡ್ರೈವರು ತಲೆ ಹೊರಗೆ ಹಾಕಿ "ಹುಳ" ಎಂದ. ಎತ್ತಿದ ಕೈಗಳೆಲ್ಲ ಒಟ್ಟಿಗೆ ಕೆಳಗಿಳಿದವು. ಕೆಲವರು ಅದೇ ಕೈ ಮುಗಿದರು. ದೋರನಹಳ್ಳಿಯಲ್ಲಿಯೂ ಹಾಗೇ. ಆ ಒಂದು ಮಾತಿಗೆ ಅಷ್ಟು ಬಲವಿತ್ತು, ನನಗೆ ಅದು ಬಹಳ ಹಿಡಿಸಿತು.

ಸಿದ್ದಮ್ಮ ದಾರಿಯುದ್ದಕ್ಕೂ ಮಾತಾಡಿದಳು. ನನ್ನ ಕುದುರೆಯ ಬಣ್ಣ ಕೇಳಿದಳು, ಹೆಸರು ಕೇಳಿದಳು, ನನ್ನನ್ನು ಬಿಟ್ಟು ಅದು ಊಟ ಮಾಡುತ್ತದೋ ಇಲ್ಲವೋ ಕೇಳಿದಳು. ಕೈ ಮೊಣಕೈಯವರೆಗೆ ಊದಿ ಬಂದಿತ್ತು. ಭೀಮಾ ಸೇತುವೆಯ ಹತ್ತಿರ ಮಾತು ನಿಲ್ಲಿಸಿ ನಾಲಿಗೆಯನ್ನು ಬಾಯೊಳಗೆ ಆಡಿಸಿದಳು.

"ಬಾಯಿ ಉಪ್ಪುಪ್ಪ ಆಗಾಕತ್ತೈತಿ ಅಣ್ಣಾ."

ಬಾಯಿ ತೆರೆಸಿ ನೋಡಿದೆ. ಹಲ್ಲಿನ ಬುಡದಲ್ಲೆಲ್ಲ ಕೆಂಪು ಗೆರೆ.

ಯಾದಗಿರಿ, ಗಾಜಿನ ನಳಿಗೆ

ಡಾಕ್ಟರು ವಯಸ್ಸಿನಲ್ಲಿ ನನ್ನ ಅಳಿಯನಷ್ಟು. ಒಸಡಿನ ಮಾತು ಕೇಳಿದ ಕೂಡಲೇ ಆಕೆಯ ಎಡಗೈಯಿಂದ ಸ್ವಲ್ಪ ರಕ್ತ ತೆಗೆದು ಒಂದು ಗಾಜಿನ ನಳಿಗೆಗೆ ಬಿಟ್ಟು ನನ್ನ ಕೈಗೆ ಕೊಟ್ಟರು.

"ಹಿಡ್ಕೋರಿ. ಅಲ್ಲಾಡಸಬ್ಯಾಡ್ರಿ. ಗಡಿಯಾರದ ದೊಡ್ಡ ಮುಳ್ಳು ನಾಲ್ಕು ಮನಿ, ಅಂದ್ರ ಇಪ್ಪತ್ತು ಮಿನಿಟ, ದಾಟಿದ ಮ್ಯಾಲೆ ಬಗ್ಸಿ ನೋಡ್ರಿ. ಒಳ್ಳೆ ರಕ್ತ ಇದ್ರ ಅಷ್ಟರಾಗ ಹೆಪ್ಪು ಆಗಿರ್ತದ."

ಹಾಲಿಗೆ ಹೆಪ್ಪು ಹಾಕುವುದು ಗೊತ್ತು, ಕುದಿಸಿ ಆರಿಸಿ ಮೂಲೆಯಲ್ಲಿಟ್ಟರೆ ಬೆಳಿಗ್ಗೆ ಮೊಸರು. ರಕ್ತಕ್ಕೂ ಹಾಗೇ ಎಂದು ನನಗೆ ಆವತ್ತೇ ತಿಳಿದಿದ್ದು. ಮುಳ್ಳು ನಾಲ್ಕು ಮನೆ ದಾಟಿತು. ಬಗ್ಗಿಸಿದೆ. ನೀರಿನ ಹಾಗೆ ಈ ಕಡೆಯಿಂದ ಆ ಕಡೆಗೆ ಓಡಿತು.

ಡಾಕ್ಟರು ಅದನ್ನು ನೋಡಿ, ಕಪಾಟಿನ ಖಾಲಿ ಪೆಟ್ಟಿಗೆ ನೋಡಿ, ಮತ್ತೆ ನನ್ನನ್ನು ನೋಡಿದರು. ಇದ್ದ ಮದ್ದನ್ನು ಮೂರು ದಿನದ ಹಿಂದೆ ಸಗರ ಎಂಬ ಹಳ್ಳಿಯ ಒಬ್ಬ ಹೊಲದಾಳಿಗೆ ಹಾಕಿದ್ದರಂತೆ, ಅವನು ಬದುಕಿ ಮನೆಗೆ ಹೋಗಿದ್ದನಂತೆ. ಇನ್ನು ಬೇಕಾದರೆ ರಾಯಚೂರಿನಿಂದ ಬರಬೇಕು.

"ಸ್ಟೇಷನ್ನಿಗೆ ಹೋಗ್ರಿ. ಹಾವಿನ ಔಷಧಕ್ಕ ತಾರು ಕೊಡ್ರಿ ಅನ್ರಿ. ಎಲ್ಲಿಗಿ ಅಂತ ಅವ್ರಿಗಿ ಗೊತ್ತದ. ನಾಲ್ಕರ ಗಾಡಿಗಿ ಬಂತಂದ್ರ ಚಿಂತಿಲ್ಲ. ಬಾಳ ತಡ ಆದ್ರ ನಾ ಏನೂ ಹೇಳಾಂಗಿಲ್ಲ."

ತಾರು ಬಾಬು

ತಾರು ಎಂದರೆ ನಮ್ಮ ಕಡೆಯ ತಂತಿ, ಟೆಲಿಗ್ರಾಂ. ತಾರು ಬಾಬುವಿನ ಕೋಣೆಯಲ್ಲಿ ಬಿಳಿ ಮೀಸೆಯ ಒಬ್ಬ ದೊಡ್ಡವರು ಯಂತ್ರದ ಮುಂದೆ ಕೂತಿದ್ದರು. ನಾನು ಓಡಿ ಬಂದ ಉಸಿರಿನಲ್ಲೇ, ಕಲಿತ ಮರ್ಯಾದೆ ಮರೆಯದೆ, "ಸ್ವಾಮಿ, ಹುಳ ಮುಟ್ಟಿದೆ. ಅದಕ್ಕೆ ತಾರು ಕೊಡಬೇಕಂತೆ. ಎಲ್ಲಿಗೆ ಎಂದು ನಿಮಗೇ ಗೊತ್ತಂತೆ" ಎಂದೆ.

"ಗೊತ್ತದ, ಗೊತ್ತದ. ಕೂಡ್ರಿ ಮುತ್ಯಾ. ಹೆಣಮಗಳೋ ಗಣಮಗನೋ?"

"ಹೆಂಗಸು. ಸಿದ್ದಮ್ಮ."

"ಯಾ ಕೈ?"

"ಬಲಗೈ."

"ಸುದ್ದಿ ತಂದಾಂವ ನೀವಾ? ನಿಮ್ಮ ಹೆಸರೇನ್ರಿ?"

ಹನ್ನೆರಡು ದಿನದಲ್ಲಿ ಮೊದಲ ಸಲ ಒಬ್ಬರು ನನ್ನ ಹೆಸರು ಕೇಳಿದರು. ಹೇಳಿದೆ. ಅವರು ಅದನ್ನೂ ಬರೆದುಕೊಂಡರು. ಕಟ್ಟಕಟ್ಟ ಎಂದು ಯಂತ್ರ ಬಡಿಯಿತು. ಈ ತಾರಿಗೆ ಫೀಸು ಇಲ್ಲ, ಬೇರೆ ಎಲ್ಲ ತಾರಿಗಿಂತ ಮೊದಲು ಇದು ಹೋಗುತ್ತದೆ ಎಂದರು. ಎಂಥ ಒಳ್ಳೆಯ ಸೀಮೆ ಎಂದುಕೊಂಡೆ. ಯಾವ ಊರು, ಯಾರ ಮನೆ ಎಂದು ಕೇಳಿದರು. ಅಲ್ಲಿಂದ ನನ್ನ ಬಾಯಿ ನಿಲ್ಲಲಿಲ್ಲ. ಮಗಳು, ಅಳಿಯ, ಮೊಮ್ಮಗಳ ಕೂದಲು, ಕಿವಿ, ಹಿಡಿದ ಬೆರಳು, ಎಲ್ಲ ಹೇಳಿದೆ. ಅವರು ಪೆನ್ಸಿಲು ಕೆಳಗಿಟ್ಟು ಕೇಳಿದರು. "ಮುಬಾರಕ್ ಮುತ್ಯಾ" ಎಂದರು. ಚಹಾ ತರಿಸಿದರು. ನಾನು ಕುಡಿದೆ. ಆಸ್ಪತ್ರೆಯಲ್ಲಿ ಒಬ್ಬಳ ಬಾಯಿಂದ ರಕ್ತ ಬರುತ್ತಿರುವಾಗ ನಾನು ಅಲ್ಲಿ ಸುಖವಾಗಿ ಕೂತು ಚಹಾ ಕುಡಿದೆ. ತಾರು ಎಲ್ಲಿಗೆ ಹೋಯಿತು ಎಂದು ಒಂದು ಮಾತು ಕೇಳಲಿಲ್ಲ.

ನಾಲ್ಕರ ಗಾಡಿ ಬಂತು. ಗಾರ್ಡಿನ ಡಬ್ಬಿಯ ಮುಂದೆ ಕೈಯೊಡ್ಡಿ ನಿಂತೆ. ಏನೂ ಬಂದಿಲ್ಲ ಎಂದರು. ಗಾಡಿ ಹೋಯಿತು. ಅಷ್ಟರಲ್ಲಿ ತಾರು ಬಾಬು ಒಂದು ಕಾಗದ ಹಿಡಿದು ಮುಖವೆಲ್ಲ ನಗುತ್ತಾ ಬಂದರು.

"ಜವಾಬು ಬಂತು ನೋಡ್ರಿ. ಗಂಟು ಹಾಕ್ಯಾರ. ಇನ್ನ ಫಿಕರ್ ಮಾಡಬ್ಯಾಡ್ರಿ."

"ಯಾವ ಗಂಟು? ಮದ್ದೆಲ್ಲಿ?"

"ಯಾ ಮದ್ದು?"

ಅವರು ಹೇಳಿದ್ದು ಇದು. ದೂರದ ತೆಲುಗು ಸೀಮೆಯಲ್ಲಿ ಒಂದು ಸಣ್ಣ ಸ್ಟೇಷನ್ನು ಇದೆಯಂತೆ. ಅಲ್ಲಿಯ ಮಾಸ್ತರರಿಗೆ ಹುಳದ ಮಂತ್ರ ಸಿದ್ಧಿಸಿದೆಯಂತೆ. ಯಾವ ಊರಿನಲ್ಲಿ ಯಾರಿಗೆ ಮುಟ್ಟಿದರೂ ಅವರಿಗೆ ತಾರು ಹೊಡೆದರೆ ಸಾಕು, ಹೆಸರು ಓದಿ, ಸುದ್ದಿ ತಂದವನ ಹೆಸರು ಓದಿ, ತಮ್ಮ ಪಂಚೆಯ ಸೆರಗಿಗೆ ಒಂದು ಗಂಟು ಹಾಕಿ ಮಂತ್ರ ಹೇಳುತ್ತಾರಂತೆ. ಇಲ್ಲಿ ವಿಷ ಇಳಿಯುತ್ತದಂತೆ. ರೈಲಿನ ಲೈನಿನುದ್ದಕ್ಕೂ ಹುಳ ಮುಟ್ಟಿದೆ, ತಾರು ಕೊಡಿ ಎಂದರೆ ಅದು ಅವರಿಗೇ. ಬೇರೆ ಅರ್ಥವೇ ಇಲ್ಲ.

ಆಮೇಲೆ ನನ್ನ ಬಾಯಿಂದ ಬಂದ ಕೂಗು ನನ್ನದೇ ಎಂದು ನನಗೆ ಗೊತ್ತಾಗಲಿಲ್ಲ. "ಹಾವು. ಹಾವು ಕಚ್ಚಿದೆ. ಹಾವಿನ ಮದ್ದು ಬೇಕು, ರಾಯಚೂರಿನ ಆಸ್ಪತ್ರೆಯಿಂದ." ಪ್ಲಾಟ್‌ಫಾರಮ್ಮಿನ ಜನ ಒಂದು ಹೆಜ್ಜೆ ಹಿಂದಕ್ಕೆ ಸರಿದರು.

"ಮುತ್ಯಾ, ನೀವು ಹುಳ ಅಂದ್ರಿ."

"ನಿಮ್ಮವರೇ ಹೇಳಿಕೊಟ್ಟದ್ದು ಸ್ವಾಮಿ. ಹೆಸರು ಹೇಳಬಾರದು ಅಂತ."

ವಯಸ್ಸಾದವರು, ಆದರೂ ಕೋಣೆಗೆ ಓಡಿದರು. ಯಂತ್ರ ಬಡಿಯುವಾಗ ಅವರ ಮೀಸೆ ನಡುಗುತ್ತಿತ್ತು. ರಾಯಚೂರಿನಿಂದ ಸಂಜೆ ಒಂದು ಮಾಲುಗಾಡಿ ಹೊರಡುವುದಿದೆ, ಅದರ ಗಾರ್ಡಿನ ಕೈಗೆ ಕೊಡಲು ಹೇಳಿದ್ದೇನೆ ಎಂದರು. "ನೀವು ದವಾಖಾನಿಗಿ ನಡೀರಿ. ಗಾಡಿ ಬಂದ ಕೂಡ್ಲೆ ನಾನ ತರ್ತೀನಿ, ಬ್ಯಾರೆಯವರ ಕೈಯಾಗ ಕೊಡಂಗಿಲ್ಲ."

ಆಸ್ಪತ್ರೆಗೆ ನಡೆದುಕೊಂಡು ಹೋದ ಆ ಅರ್ಧ ಮೈಲಿ ನನ್ನ ಪ್ರವಾಸದಲ್ಲೇ ಅತಿ ಉದ್ದದ ದಾರಿ. ಆ ಊರಿನಲ್ಲಿ ನನಗೆ ಬೈಯುವವರು ಕೂಡ ಇರಲಿಲ್ಲ.

ದೀಪ ಹಚ್ಚುವ ಹೊತ್ತು

ಎರಡನೇ ಸಲ ನಳಿಗೆ ಹಿಡಿದೆ. ಎರಡನೇ ಸಲವೂ ರಕ್ತ ಓಡಿತು. ಕೈ ಭುಜದವರೆಗೆ ಕಪ್ಪಗೆ ಊದಿತ್ತು. ನಾನು ಮಾಡಿದ ತಪ್ಪನ್ನು ಡಾಕ್ಟರಿಗೆ ಹೇಳಿದೆ, ಅವರು ಗೋಡೆಯ ಗಡಿಯಾರ ನೋಡಿದರು. ಸಿದ್ದಮ್ಮನಿಗೂ ಹೇಳಿದೆ, ಮುಚ್ಚಿಡಲು ಮನಸ್ಸು ಬರಲಿಲ್ಲ.

ಅವಳು ಬಾಯಿಗೆ ಹಿಡಿದಿದ್ದ ಬಟ್ಟೆ ತೆಗೆದಳು. "ಗಂಡ ಸತ್ತು ಇಪ್ಪತ್ತು ವರ್ಷಕ್ಕ ಯಾಂವೋ ತೆಲಗಾಂವ ನನ್ನ ಹೆಸರಲೆ ಗಂಟ ಹಾಕಿದ್ನಂತ" ಎಂದಳು. "ನೋಡಾಕ ಹ್ಯಾಂಗದಾನ, ಕೇಳಿದ್ಯೇನು?"

ನನಗೆ ನಗು ಬರಲಿಲ್ಲ. ಅವಳಿಗೂ ಪೂರ್ತಿ ಬರಲಿಲ್ಲ. ಬಟ್ಟೆಯನ್ನು ಮತ್ತೆ ಬಾಯಿಗೆ ಹಿಡಿಯುವ ಮೊದಲು, "ನಾ ಹೋದ್ರ ಅಳಾವ್ರು ಯಾರಿಲ್ಲ ಬಿಡು, ನಿನಗೇನು ತ್ರಾಸ ಆಗಂಗಿಲ್ಲ" ಎಂದಳು. ಅದನ್ನು ಅವಳು ಸಮಾಧಾನಕ್ಕೆಂದೇ ಹೇಳಿದ್ದು.

ದೀಪ ಹಚ್ಚುವ ಹೊತ್ತಿಗೆ ತಾರು ಬಾಬು ಹುಲ್ಲು ತುಂಬಿದ ತಗಡಿನ ಡಬ್ಬಿಯನ್ನು ಎದೆಗೊತ್ತಿಕೊಂಡು ಬಂದರು. ಒಳಗೆ ಸಣ್ಣ ಸೀಸೆಗಳಲ್ಲಿ ಹಳದಿ ಪುಡಿ. ಡಾಕ್ಟರು ನೀರು ಬೆರೆಸಿದರು. ಮೊದಲು ಚರ್ಮದ ಕೆಳಗೆ ಒಂದು ಹನಿ ಹಾಕಿ ಮೈ ಕೆರಳುತ್ತದೋ ಎಂದು ಕಾದರು. ಬೊಂಬಾಯಿಯಲ್ಲಿ ಕುದುರೆಗೆ ಹಾವಿನ ವಿಷವನ್ನು ಚೂರು ಚೂರೇ ಕೊಟ್ಟು ಪಳಗಿಸಿ, ಅದರ ರಕ್ತದಿಂದ ಈ ಮದ್ದು ತೆಗೆಯುತ್ತಾರಂತೆ. ಕೆಲವರಿಗೆ ಕುದುರೆಯದು ಒಗ್ಗುವುದಿಲ್ಲವಂತೆ. ಮೂವತ್ತು ವರ್ಷ ಕುದುರೆಯ ಬೆನ್ನು ನೋಡಿಕೊಂಡು ಬದುಕಿದವನು ನಾನು. ಅದು ನನಗೆ ಅನ್ನ ಹಾಕಿತು, ಮಗಳನ್ನು ಓದಿಸಿತು, ಅಷ್ಟೇ ಎಂದುಕೊಂಡಿದ್ದೆ.

"ಕುದರೀದಾ?" ಎಂದಳು ಸಿದ್ದಮ್ಮ. "ಹಂಗಾರ ನಾಳಿಂದ ನನಗ ಹುಲ್ಲ ಹಾಕಪಾ ಮೈಸೂರಣ್ಣ, ನಿನಗ ರೂಢಿ ಐತಿ."

ಮದ್ದು ನಿಧಾನವಾಗಿ ನರಕ್ಕೆ ಇಳಿಯಿತು. ನಡುವೆ ಮೈ ನಡುಗಿ ದದ್ದು ಎದ್ದಿತು. ಡಾಕ್ಟರು ಇನ್ನೊಂದು ಸೂಜಿ ಹಾಕಿ, ನಿಲ್ಲಿಸಿ, ಮತ್ತೆ ಇಳಿಬಿಟ್ಟರು. ತಾರು ಬಾಬು ಬಾಗಿಲ ಹತ್ತಿರವೇ ನಿಂತಿದ್ದರು. ತೆಲುಗು ಸೀಮೆಗೆ ಹೇಳಿ ಆ ಗಂಟು ಬಿಚ್ಚಿಸುತ್ತೀರಾ ಎಂದು ಕೇಳಿದೆ.

"ಯಾಕ್ರಿ? ಸೂಜಿ ಸೂಜಿ ಕೆಲಸ ಮಾಡ್ಲಿ, ಗಂಟು ಗಂಟಿನ ಕೆಲಸ ಮಾಡ್ಲಿ" ಎಂದರು.

ಬೆಳಗಾದ ಮೇಲೆ

ರಾತ್ರಿಯನ್ನು ಬರೆಯುವುದಿಲ್ಲ. ಆಸ್ಪತ್ರೆಯ ರಾತ್ರಿ ನಮ್ಮಲ್ಲೂ ಒಂದೇ, ಅವರಲ್ಲೂ ಒಂದೇ.

ಬೆಳಿಗ್ಗೆ ಡಾಕ್ಟರು ಮತ್ತೆ ರಕ್ತ ತೆಗೆದು ನಳಿಗೆಯನ್ನು ನನ್ನ ಕೈಗಿಟ್ಟು ಬೇರೆ ಹಾಸಿಗೆಗೆ ಹೋದರು. ಸಿದ್ದಮ್ಮ ಕಣ್ಣು ಮುಚ್ಚಿದ್ದಳು. ಸುತ್ತಲ ಹಾಸಿಗೆಗಳವರು ಎದ್ದು ಕೂತು ನನ್ನನ್ನೇ ನೋಡುತ್ತಿದ್ದರು. ಅವರಿಗೆಲ್ಲ ಕಥೆ ಗೊತ್ತಾಗಿಹೋಗಿತ್ತು. ಗಡಿಯಾರದ ಮುಳ್ಳು ಒಂದು ಮನೆ ದಾಟಿತು. ಎರಡು. ನಳಿಗೆ ಅಲುಗೀತೆಂದು ಮೊಣಕೈಯನ್ನು ಕಿಟಕಿಯ ಕಲ್ಲಿಗೆ ಆನಿಸಿದೆ. ಮೂರು. ಹೊರಗೆ ಬಸ್ಸಿನವನು ಸುರಪುರ, ಸುರಪುರ ಎಂದು ಕೂಗುತ್ತಿದ್ದ. ನಾಲ್ಕನೇ ಮನೆ ದಾಟಿದ ಮೇಲೂ ನನಗೆ ಬಗ್ಗಿಸುವ ಧೈರ್ಯ ಬರಲಿಲ್ಲ, ಐದನೆಯದೂ ದಾಟಲಿ ಎಂದು ಬಿಟ್ಟೆ.

ಬಗ್ಗಿಸಿದೆ. ಓಡಲಿಲ್ಲ. ಇನ್ನೂ ಬಗ್ಗಿಸಿದೆ. ತಲೆಕೆಳಗು ಮಾಡಿದೆ. ಕೆಂಪಗೆ, ಗಟ್ಟಿಯಾಗಿ, ನಳಿಗೆಯ ಬುಡದಲ್ಲಿ ಹಾಗೇ ನಿಂತಿತ್ತು.

"ಸಿದ್ದಮ್ಮ" ಎಂದೆ. ನಳಿಗೆಯನ್ನೇ ಅವಳ ಕಣ್ಣ ಮುಂದೆ ಹಿಡಿದೆ.

ಅವಳು ಒಂದು ಕಣ್ಣು ತೆರೆದು ನೋಡಿದಳು. "ಹೆಪ್ಪಾತೇನು? ಇನ್ನ ಕಡದು ಮಜ್ಜಿಗಿ ಮಾಡಿ ಕುಡಿ" ಎಂದಳು. ಆಮೇಲೆ ಇನ್ನೊಂದು ಕಣ್ಣನ್ನೂ ತೆರೆದಳು. "ಅಳಬ್ಯಾಡೋ ಅಣ್ಣಾ. ಮಂದಿ ನೋಡಾಕತ್ಯಾರ."

"ನೋಡವಲ್ರ್ಯಾಕ" ಎಂದೆ. ನೋಡಿದರೆ ನೋಡಲಿ ಎಂಬುದನ್ನು ಅವರ ಮಾತಿನಲ್ಲಿ ಅಂದವನು ನಾನೇ ಎಂಬುದು ಪಕ್ಕದ ಹಾಸಿಗೆಯವರು ನಕ್ಕ ಮೇಲೆ ಗೊತ್ತಾಯಿತು.